ಕಾಗದದ ಚೆಂಡು

ಚೀನೀಯರು ಸತ್ತವರನ್ನು ನೆನೆಯುವ ಛಿಂಗ್‌ಮಿಂಗ್ ಹಬ್ಬ ಹತ್ತಿರವಾಗಿತ್ತು. ಅವರಿಗೆ ತಲುಪಲೆಂದು ಸುಡುವ ಕಾಗದದ ಸಾಮಾನು ಮಾರುವ ಅಂಗಡಿಯಲ್ಲಿ, ತೀರಿಕೊಂಡ ಗಂಡನಿಗೆಂದು ಕಾಗದದ ಕೋಟು ಹಿಡಿದು ಶುಯೆರಾನ್ ಸರದಿಯಲ್ಲಿ ನಿಂತಿದ್ದಳು. ಅವಳ ಮುಂದೆ ಅಕ್ಕತಂಗಿಯರಿಬ್ಬರು ಮಾತಾಡುತ್ತಿದ್ದರು.

"ಮತ್ತೆ ಚೆಂಡೇನೇ ಲೀಫೆನ್? ಹೋದ್ವರ್ಷ ಮಗನಿಗೆ ಒಂದು ಸುಟ್ಟೆಯಲ್ಲ!"

"ಅದು ದುಂಡಗಿತ್ತಕ್ಕ. ಫುಟ್‌ಬಾಲ್ ಆಡ್ತೀನಿ ಅಂತ ಅಮೆರಿಕದಿಂದ ಫೋನಲ್ಲಿ ಹೇಳ್ತಿದ್ದ. ನಮ್ಮೂರದ್ದೇ ಆಟ ಅಂದ್ಕೊಂಡಿದ್ದೆ. ಅಲ್ಲಿಯವರ ಚೆಂಡು ಆಲಿವ್ ಕಾಯಿ ತರ, ಉದ್ದಕ್ಕಿರುತ್ತಂತೆ."

"ಯಾರು ಹೇಳಿದ್ರು?"

"ಅವನೇ. ದಿನಾ ಕನಸಲ್ಲಿ ಬಂದು ಬಾಗಿಲಲ್ಲೇ ನಿಲ್ತಾನೆ. 'ಇದು ನಂದಲ್ಲಮ್ಮ, ಇದನ್ನ ತಗೊಂಡೋದ್ರೆ ಅಲ್ಲಿ ಯಾರೂ ಆಟಕ್ಕೆ ಸೇರಿಸ್ಕೊಳ್ಳಲ್ಲ' ಅಂತ ಚೆಂಡು ವಾಪಸ್ ಇಟ್ಟು ಹೋಗ್ತಾನೆ."

"ಕನಸಿಗೆ ಹೆದರ್ತಾರೇನೇ ಹುಚ್ಚಿ?"

"ಕನಸಿಗಲ್ಲಕ್ಕ. ಬೆಳಿಗ್ಗೆ ಎದ್ದು ನೋಡಿದ್ರೆ ಹೊಸ್ತಿಲ ಮೇಲೆ ಬೂದಿ ಬಿದ್ದಿರುತ್ತೆ. ದುಂಡಗೆ."

ಅಂಗಡಿಯವನು ಕಟ್ಟಿಕೊಟ್ಟ ಉದ್ದನೆಯ ಚೆಂಡನ್ನು ತಂಗಿ ಕೂಸಿನಂತೆ ಎದೆಗವಚಿಕೊಂಡಳು. ಇಬ್ಬರೂ ಹೊರಟುಹೋದರು.

ಶುಯೆರಾನ್ ಮುಂದೆ ಸರಿಯಲಿಲ್ಲ. ಕೋಟಿನ ತೋಳನ್ನು ತನ್ನ ತೋಳಿಗೆ ಹಿಡಿದು ಅಳೆದಳು. ಹೋದ ವರ್ಷ ಸುಟ್ಟ ಕೋಟು ಗಂಡನಿಗೆ ಗಿಡ್ಡವಾಗಿರಬೇಕು. ಬೆಳಿಗ್ಗೆ ತನ್ನ ಮನೆಯ ಹೊಸ್ತಿಲ ಮೇಲಿದ್ದ ಬೂದಿಯನ್ನು, ಎಲ್ಲಿಂದ ಬಂತೆಂದು ಯೋಚಿಸದೆ, ಅವಳೂ ಗುಡಿಸಿ ಬಂದಿದ್ದಳು.