ಕೀ ಬೇಡದ ಗಡಿಯಾರ

ಬೆವರು ಕುಡಿದು ಮೆತ್ತಗಾದ ಚರ್ಮದ ಪಟ್ಟಿಗೆ ಒಂದು ವಾಸನೆ ಇರುತ್ತದೆ. ಆ ಸಾಹುಕಾರನಿಗೆ ಬಾಲ್ಯ ಅಂದರೆ ಅದೇ ವಾಸನೆ. ಅಂಗಡಿ ಮುಚ್ಚಿ ಬಂದ ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆನ್ನೆಗೆ ಕೈ ಆನಿಸುತ್ತಿದ್ದರು. ಮೂಗಿಗೆ ಪಟ್ಟಿಯ ವಾಸನೆ, ಕಿವಿಗೆ ಗಡಿಯಾರದ ಸಣ್ಣ ಸದ್ದು. ಹಾಗೇ ನಿದ್ದೆ ಹೋಗುತ್ತಿದ್ದ.

ಯಾವ ಊರು, ಯಾವ ಸಾಹುಕಾರ ಅಂತ ಕೇಳಬೇಡಿ ತಾಯಂದಿರೇ. ಜವಳಿ ಅಂಗಡಿಗಳಿರುವ ಯಾವುದೋ ಒಂದು ಪೇಟೆ ಅಂತ ಇಟ್ಟುಕೊಳ್ಳಿ. ಹೆಸರು ಹೇಳಿದರೆ 'ಓ, ಅವನ ಕಥೆಯಾ' ಅಂತ ನೀವು ನಿರಾಳವಾಗಿಬಿಡುತ್ತೀರಿ. ಹೆಸರಿಲ್ಲದಿದ್ದರೆ, ನೋಡಿ, ಕಥೆ ಯಾರ ಮೈಗೆ ಬೇಕಾದರೂ ಹೊಂದುತ್ತದೆ.

ಆ ಗಡಿಯಾರ ಹೊರದೇಶದ್ದು. ರೇಡಿಯೋದಲ್ಲಿ ವಾರ್ತೆಗೆ ಮೊದಲು ಪೀಪ್ ಪೀಪ್ ಅಂತ ಬರುತ್ತಿತ್ತಲ್ಲ, ಅದಕ್ಕೂ ಇದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಅಪ್ಪ ಬಂದವರಿಗೆಲ್ಲ ತೋಳು ಚಾಚಿ ತೋರಿಸಿ ಹೇಳೋರು: "ಇದಕ್ಕೆ ಕೀ ಕೊಡೋ ಗೋಜೇ ಇಲ್ಲ!" ಮಗ ಆ ಮಾತನ್ನು ಕೇಳಿ ಕೇಳಿ ದೊಡ್ಡವನಾದ. ಮಾತು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಅಪ್ಪ ತೀರಿಕೊಂಡರು. ಮಗ ಆ ಗಡಿಯಾರವನ್ನು ಏನು ಮಾಡಿದ? ಕೈಗೆ ಕಟ್ಟಿಕೊಂಡನೇ? ಇಲ್ಲ. ಬೆಳ್ಳಿಯ ಡಬ್ಬಿ ಮಾಡಿಸಿದ, ಕೆಂಪು ಮಖಮಲ್ಲು ಹಾಸಿದ, ದೇವರ ಮನೆಯಲ್ಲಿ ಇಟ್ಟುಬಿಟ್ಟ. ದಿನಾ ಸ್ನಾನ ಮಾಡಿ ಬಂದು ಡಬ್ಬಿ ತೆರೆಯುವುದು. ಗಾಜಿನ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಎರಡು ಕಾಳು ಅಕ್ಷತೆ. ಮಂಗಳಾರತಿ. ಮುಳ್ಳು ನಡೆಯುತ್ತಿದೆಯೇ? ನಡೆಯುತ್ತಿದೆ. ವೇಳೆ ಸರಿಯಿದೆಯೇ? ಸರಿಯಿದೆ. ಕೈ ಮುಗಿದು ಡಬ್ಬಿ ಮುಚ್ಚಿ ಅಂಗಡಿಗೆ ಹೊರಡುವುದು. ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಹಾಗೆ ಡಬ್ಬಿಯಲ್ಲಿಟ್ಟ ಹೊಸದರಲ್ಲಿ ಹೆಂಡತಿ ಒಮ್ಮೆ ಕೇಳಿದ್ದಳು, "ಅಲ್ರೀ, ಹೀಗೆ ಮಲಗಿಸಿಟ್ಟರೆ ನಿಂತುಹೋಗಲ್ವಾ?"

"ನಿನಗೇನು ಗೊತ್ತು? ಅದು ಅಪ್ಪನ ಪುಣ್ಯದಿಂದ ನಡೀತಿದೆ, ನನ್ನ ಪೂಜೆಯಿಂದ ನಡೀತಿದೆ."

ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋದಳು. ನಗು ಮುಚ್ಚಿಕೊಳ್ಳಲಿಕ್ಕೆ ಹಾಗೆ ಮಾಡಿದಳು ಅಂತ ಅವನಿಗೆ ತಿಳಿಯಲಿಲ್ಲ.

ವರ್ಷಗಳು ಕಳೆದವು, ಗಡಿಯಾರ ನಿಲ್ಲಲಿಲ್ಲ. ಸುದ್ದಿ ಪೇಟೆಗೆಲ್ಲ ಹಬ್ಬಿತು. ಕೀ ಇಲ್ಲ, ಕಟ್ಟಿಕೊಂಡವರಿಲ್ಲ, ಆದರೂ ನಡೆಯುತ್ತದಂತೆ! ಬರಬರುತ್ತಾ ಒಂದು ಪದ್ಧತಿಯೇ ಆಯಿತು. ಆಯುಧಪೂಜೆಯ ದಿನ ಬೀದಿಯ ಅಂಗಡಿಯವರೆಲ್ಲ ತಮ್ಮ ತಮ್ಮ ಗಡಿಯಾರ ಹಿಡಿದುಕೊಂಡು ಸಾಹುಕಾರನ ಮನೆಗೆ ಬರುವುದು, ಆ ಗಡಿಯಾರ ನೋಡಿ ವೇಳೆ ಸರಿಮಾಡಿಕೊಳ್ಳುವುದು, ಕೈ ಮುಗಿಯುವುದು, ಊಟ ಮಾಡಿ ಹೋಗುವುದು. ಸಾಹುಕಾರ ಜರಿ ಪಂಚೆ ಉಟ್ಟು ಡಬ್ಬಿಯ ಪಕ್ಕ ನಿಂತಿರುತ್ತಿದ್ದ. ಅವರು ಕೈ ಮುಗಿಯುತ್ತಿದ್ದದ್ದು ಗಡಿಯಾರಕ್ಕೋ ಇವನಿಗೋ, ಇವನಿಗೇ ಗೊತ್ತಿರಲಿಲ್ಲ. ನಗಬೇಡಿ. ನಮಗೆ ಗೊತ್ತಿರುತ್ತದೆಯೇ?

ಆ ವರ್ಷ ನವರಾತ್ರಿಗೆ ಸರಿಯಾಗಿ ಮಗಳಿಗೆ ಎರಡನೆಯ ಹೆರಿಗೆ. ಹೆಂಡತಿ ಅವಳ ಊರಿಗೆ ಹೊರಟಳು. ಬಸ್ಸಿಗೆ ಹೊತ್ತಾಗುತ್ತಿದೆ, ಚೀಲ ಹೊಸ್ತಿಲಲ್ಲಿದೆ. ಆದರೂ ಬಾಗಿಲಿನವರೆಗೆ ಹೋದವಳು ತಿರುಗಿ ಬಂದಳು.

"ರೀ, ಆ ಗಡಿಯಾರ..."

"ಗಡಿಯಾರದ ಚಿಂತೆ ನಿನಗ್ಯಾಕೆ? ನೀನು ಮಗಳನ್ನು ನೋಡ್ಕೋ ಹೋಗು. ಗಡಿಯಾರ ನೋಡ್ಕೊಳ್ಳೋಕೆ ನಾನಿಲ್ವಾ?"

"ಒಂದು ಮಾತು ಹೇಳಿಬಿಡ್ತೀನಿ..."

"ಬಸ್ಸು ಹೋಗುತ್ತೆ ನೋಡು!"

ಅವಳು ಹೋದಳು. ಅವನು ಎಂದಿನಂತೆ ಪೂಜೆ ಮಾಡಿದ. ಮಾರನೆಯ ದಿನವೂ ಮಾಡಿದ. ಅದರ ಮಾರನೆಯ ಬೆಳಗ್ಗೆ ಡಬ್ಬಿ ತೆರೆದರೆ ಮುಳ್ಳು ನಿಂತಿತ್ತು.

ಮೊದಲು ನಂಬಲಿಲ್ಲ. ಕಿವಿಗೆ ಹಿಡಿದ. ಸದ್ದಿಲ್ಲ. ಅಪ್ಪ ಹೋದ ದಿನ ಕೂಡ ಅವನು ಹೀಗೆ ಒಂಟಿಯಾಗಿರಲಿಲ್ಲ. ಆವತ್ತು ಸುತ್ತ ಜನ ಇದ್ದರು, ಹೆಂಡತಿ ನೀರು ತಂದುಕೊಟ್ಟಿದ್ದಳು. ಈಗ ದೇವರ ಮನೆಯಲ್ಲಿ ಒಬ್ಬನೇ, ಅಂಗೈಯಲ್ಲಿ ತಣ್ಣಗಿನ ಗಡಿಯಾರ. ಅಪ್ಪ ಎರಡನೆಯ ಸಲ ಹೋದ ಹಾಗಾಯಿತು.

ಏನು ಮಾಡಿದ? ಪೂಜೆ ಹೆಚ್ಚು ಮಾಡಿದ. ನಾವೂ ಅಷ್ಟೇ ತಾನೇ? ಎಲ್ಲಿ ತಪ್ಪಿದ್ದೇವೋ ಅಲ್ಲಿ ನೋಡುವುದಿಲ್ಲ, ಮಾಡುತ್ತಿದ್ದದ್ದನ್ನೇ ಇನ್ನೂ ಜೋರಾಗಿ ಮಾಡುತ್ತೇವೆ. ಒಂದು ಹೂವಿದ್ದಲ್ಲಿ ಹಾರ ಹಾಕಿದ. ತುಪ್ಪದ ದೀಪ ಹಚ್ಚಿದ. ಉಪವಾಸ ಇದ್ದ. ಗಡಿಯಾರ ಅಲುಗಲಿಲ್ಲ.

ಆಯುಧಪೂಜೆ ಬಂದೇಬಿಟ್ಟಿತು. ಅಂಗಳದಲ್ಲಿ ಶಾಮಿಯಾನ, ವಾಲಗದವರು, ಗಜಕೋಲು ಕತ್ತರಿಗಳಿಗೆಲ್ಲ ಕುಂಕುಮ. ಅಂಗಡಿಯವರು ಗಡಿಯಾರ ಹಿಡಿದು ಸಾಲಾಗಿ ನಿಂತರು. ಡಬ್ಬಿ ತೆರೆಯದೆ ವಿಧಿಯಿಲ್ಲ, ತೆರೆದ. ಎದುರಿಗಿದ್ದ ಪಾತ್ರೆ ಅಂಗಡಿಯವನು ಬಗ್ಗಿ ನೋಡಿದ, ತನ್ನದನ್ನು ನೋಡಿಕೊಂಡ, ಮತ್ತೆ ಬಗ್ಗಿದ.

"ಸಾಹುಕಾರ್ರೇ, ನಿಮ್ಮ ಗಡಿಯಾರ ಮಲಗಿದೆಯಲ್ಲ! ಹಬ್ಬದ ದಿನ ಅಂತ ಅದಕ್ಕೂ ರಜೆ ಕೊಟ್ರಾ?"

ಜನ ಗೊಳ್ಳೆಂದರು. "ದೃಷ್ಟಿ ತಗುಲಿದೆ, ನಿವಾಳಿಸಿ" ಅಂದ ಒಬ್ಬ. "ಒಂದು ಸಲ ಕುಕ್ಕಿ ನೋಡಿ, ನಮ್ಮ ರೇಡಿಯೋ ಹಾಗೇ ಸರಿಹೋಯ್ತು" ಅಂದ ಇನ್ನೊಬ್ಬ. ಪುರೋಹಿತರು ಗಂಭೀರವಾಗಿ ಕಣ್ಣು ಮುಚ್ಚಿ ತೆರೆದು, "ಏನೋ ದೋಷ ಬಂದಿದೆ. ಪಂಚಾಮೃತ ಅಭಿಷೇಕ ಮಾಡಿಬಿಡಿ, ತೊಳೆದುಹೋಗುತ್ತೆ" ಅಂದರು.

ಪಂಚಾಮೃತ! ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ! ಒಂದು ಹನಿ ನೀರು ಹೊಕ್ಕರೆ ತುಕ್ಕು ಹಿಡಿಯುವ, ಒಂದು ಕಣ ಧೂಳು ಕೂತರೆ ತೊಡರಿಕೊಳ್ಳುವ, ಕೂದಲಿಗಿಂತ ಸಣ್ಣ ಸುರುಳಿ ಇರುವ ಗಡಿಯಾರಕ್ಕೆ! ಆದರೆ ಮುಳುಗುವವನಿಗೆ ಆಗ ಏನೂ ತೋಚುವುದಿಲ್ಲ ನೋಡಿ. ಅಪ್ಪನ ಗಡಿಯಾರವನ್ನು ತಾಮ್ರದ ತಟ್ಟೆಯಲ್ಲಿಟ್ಟ. ಹಾಲಿನ ಬಟ್ಟಲು ಎತ್ತಿದ. ಬಟ್ಟಲು ವಾಲಿತು.

"ರೀ! ಹಾಲು ಕೆಳಗಿಡಿ!"

ಆ ಮನೆಯಲ್ಲಿ ಅಷ್ಟು ಗಟ್ಟಿಯಾದ ದನಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ವಾಲಗ ತಟ್ಟನೆ ನಿಂತಿತು. ಬಾಗಿಲಲ್ಲಿ ಹೆಂಡತಿ. ಬಸ್ಸಿನ ಧೂಳು ಇನ್ನೂ ಮುಖದ ಮೇಲಿದೆ, ಚೀಲ ಕೈಯಲ್ಲೇ ಇದೆ. ಮಗಳಿಗೆ ಸುಖವಾಗಿ ಹೆರಿಗೆಯಾಗಿ, ಹಬ್ಬದ ಅಡುಗೆಗೆಂದು ಓಡಿ ಬಂದಿದ್ದಳು.

ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಗಡಿಯಾರ ಎತ್ತಿಕೊಂಡು, ಮೆತ್ತನೆಯ ಹಳೇ ಪಂಚೆಯ ತುಂಡನ್ನು ಸೊಂಟದಿಂದ ತೆಗೆದು, ಗಾಜಿನ ಅಂಚಿನ ಕುಂಕುಮ ಒರೆಸಿದಳು. ಎಷ್ಟು ನಾಜೂಕಾಗಿ ಒರೆಸಿದಳು ಅಂದರೆ, ಎಳೆಮಗುವಿನ ಕಿವಿ ಹಿಂದೆ ಒರೆಸುತ್ತೇವಲ್ಲ, ಹಾಗೆ. ಆಮೇಲೆ ತನ್ನ ಕೈಗೆ ಕಟ್ಟಿಕೊಂಡಳು.

"ಏ! ಅದನ್ನ ಮುಟ್ಟಬೇಡ ಅಂತ..." ಅಂದ ಸಾಹುಕಾರ. ದನಿಯಲ್ಲಿ ಬಲವಿರಲಿಲ್ಲ.

"ಊಟಕ್ಕೆ ಇಷ್ಟು ಜನ ಇದ್ದಾರೆ, ಮಜ್ಜಿಗೆ ಕಡೆದಿದ್ದಾರಾ?" ಅಂತ ಅಡುಗೆಯವಳನ್ನು ಕೇಳಿದಳು. ಇಲ್ಲ ಅಂದಳು ಅವಳು. "ಸರಿ, ಹೆಪ್ಪು ಹಾಕಿದ ಗಡಿಗೆ ಇಲ್ಲಿಗೇ ತಾ."

ನಡುಮನೆಯ ಕಂಬಕ್ಕೆ ಕಡಗೋಲು ಕಟ್ಟಿದರು. ಅವಳು ಹಗ್ಗದ ಎರಡು ತುದಿ ಹಿಡಿದು ಕಡೆಯತೊಡಗಿದಳು. ಒಂದು ಕೈ ಮುಂದೆ, ಒಂದು ಕೈ ಹಿಂದೆ. ಮುಂದೆ, ಹಿಂದೆ. ಮೊಸರು ಗುಳುಗುಳು ಅಂದಿತು, ಬಳೆ ಸದ್ದು ಮಾಡಿದವು. ಸಾಹುಕಾರ ಅವಳ ಮುಂಗೈಯನ್ನೇ ನೋಡುತ್ತಿದ್ದ. ಸೆಕೆಂಡಿನ ಮುಳ್ಳು ಒಮ್ಮೆ ಅದುರಿತು. ನಿಂತಿತು. ಮತ್ತೆ ಅದುರಿತು. ಆಮೇಲೆ, ಏನೂ ಆಗಿಯೇ ಇಲ್ಲವೇನೋ ಎಂಬಂತೆ, ತನ್ನ ಪಾಡಿಗೆ ತಾನು ನಡೆಯಿತು!

"ನಡೀತು!" ಅಂತ ಕೂಗಿದವನು ಪಾತ್ರೆ ಅಂಗಡಿಯವನೇ.

ಸಾಹುಕಾರ ಅವಳ ಪಕ್ಕ ಕುಕ್ಕರಿಸಿ ಕೂತ. "ಇದಕ್ಕೆ ಕೀ ಬೇಡ ಅಂತ ಅಪ್ಪನೇ ಹೇಳ್ತಿದ್ರಲ್ಲೇ?"

"ಕೀ ಬೇಡ, ನಿಜ. ಆದರೆ ಕಟ್ಟಿಕೊಂಡವರು ದುಡೀಬೇಕು. ತೋಳು ಆಡಿದರೆ ಒಳಗಿನ ತೂಕ ತಿರುಗುತ್ತೆ, ಸ್ಪ್ರಿಂಗು ಸುತ್ತಿಕೊಳ್ಳುತ್ತೆ. ಮಾವನವರು ಹಾಸಿಗೆ ಹಿಡಿದಾಗ ಗಂಜಿ ಕುಡಿಸ್ತಿದ್ದೆನಲ್ಲ, ಆಗ ಹೇಳಿದರು. 'ಇದನ್ನ ನಿಲ್ಲೋಕೆ ಬಿಡಬೇಡ ತಾಯಿ' ಅಂದರು. ನೀವು ಯಾರನ್ನೂ ಮುಟ್ಟಗೊಡಲಿಲ್ಲ. ಅದಕ್ಕೇ ನೀವು ಏಳೋ ಮೊದಲು ಕಟ್ಕೊಂಡು ಕಸ ಗುಡಿಸ್ತಿದ್ದೆ, ರಂಗೋಲಿ ಹಾಕ್ತಿದ್ದೆ, ಮಜ್ಜಿಗೆ ಕಡೀತಿದ್ದೆ. ಪಾತ್ರೆ ತೊಳೆಯೋವಾಗ ಬಿಚ್ಚಿಡ್ತಿದ್ದೆ, ನೀರು ಹೋಗಬಾರದಲ್ಲ. ರೊಟ್ಟಿ ಬಡಿಯೋವಾಗಲೂ ಬಿಚ್ಚಿಡ್ತಿದ್ದೆ, ಏಟು ತಾಗಬಾರದಲ್ಲ. ರೇಡಿಯೋ ಕೇಳಿ ವೇಳೆ ನೋಡ್ಕೊಂಡು, ಒರೆಸಿ, ಡಬ್ಬಿಯಲ್ಲಿಟ್ಟುಬಿಡ್ತಿದ್ದೆ. ನೀವು ಜವಳಿ ಖರೀದಿಗೆ ಹೋದಾಗ ನಮ್ಮಣ್ಣನ ಕೈಲಿ ಕೊಟ್ಟು ಎಣ್ಣೆ ಹಾಕಿಸಿ ತರಿಸ್ತಿದ್ದೆ."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ನೀನು."

"ಹೇಳಿದ್ದರೆ ಬೇಡ ಅಂತಿದ್ರಿ. ಆಗ ಮಾವನವರ ಗಡಿಯಾರ ನಿಲ್ತಿತ್ತು. ನಿಮಗೆ ಹೆಸರು ಬಂದರೆ ಬರಲಿ, ಗಡಿಯಾರ ನಡೀಲಿ ಅಂತ ಸುಮ್ಮನಿದ್ದೆ."

ಸಾಹುಕಾರ ಅವಳ ತೋಳನ್ನು ನೋಡಿದ. ಅಷ್ಟು ವರ್ಷ ಜೊತೆಗಿದ್ದ ತೋಳು. ಮಣಿಕಟ್ಟಿನ ಹತ್ತಿರ, ಪಟ್ಟಿ ಸರಿದಲ್ಲಿ, ಅದು ಉಜ್ಜಿ ಉಜ್ಜಿ ಬಿದ್ದ ಗುರುತು ಇತ್ತು. ದಿನಾ ಊಟಕ್ಕೆ ಬಡಿಸುವಾಗ ಕಣ್ಣೆದುರಿಗೇ ಬರುತ್ತಿದ್ದ ಗುರುತು. ಒಂದು ದಿನವೂ ಕಂಡಿರಲಿಲ್ಲ.

ಅವನು ಆಗ ಮಾಡಿದ್ದನ್ನು ಕೇಳಿ. ನಾಚಿಕೊಂಡು ಒಳಗೆ ಓಡಬಹುದಿತ್ತು. ಗದರಬಹುದಿತ್ತು. ಹಾಗೆ ಮಾಡಲಿಲ್ಲ. ಜನರ ಕಡೆ ತಿರುಗಿ, ಎದೆ ತುಂಬಿದ ದನಿಯಲ್ಲಿ ಅಂದ: "ಕೇಳ್ರಪ್ಪಾ! ಇದು ನನ್ನ ಪೂಜೆಯಿಂದ ನಡೀತಿದೆ ಅಂತ ನಾನೇ ಸಾರಿಕೊಂಡು ಬಂದೆ. ಸುಳ್ಳು. ಈ ಕೈಯಿಂದ ನಡೀತಿತ್ತು. ಇವತ್ತು ವೇಳೆ ಸರಿಮಾಡಿಕೊಳ್ಳೋರು ಇಲ್ಲಿ ಬನ್ನಿ!"

ಮಧ್ಯಾಹ್ನದ ವಾರ್ತೆಗೆ ರೇಡಿಯೋ ಹಾಕಿದರು. ಅವಳು ಪೀಪ್ ಪೀಪಿಗೆ ಮುಳ್ಳು ಕೂಡಿಸಿದಳು. ಪೇಟೆಯ ದೊಡ್ಡ ದೊಡ್ಡ ವ್ಯಾಪಾರಿಗಳು ಒಬ್ಬೊಬ್ಬರಾಗಿ ಮಜ್ಜಿಗೆ ಗಡಿಗೆಯ ಮುಂದೆ ಬಗ್ಗಿ, ಅವಳ ಮುಂಗೈ ನೋಡಿ ತಮ್ಮ ಗಡಿಯಾರ ಸರಿಮಾಡಿಕೊಂಡರು. ಪುರೋಹಿತರೂ ಬಂದರು. "ನನ್ನದು ಹಿಂದಿದೆ ತಾಯಿ" ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಯಾರೂ ಹೇಳದೆಯೇ ವಾಲಗದವರು ನಾಗಸ್ವರ ಎತ್ತಿದರು. ಮನೆಯ ಹೆಂಚು ಹಾರಿಹೋಗುವ ಹಾಗೆ ಊದಿದರು!

ಈಗ ನಿಮ್ಮ ಕಡೆ ಬರುತ್ತೇನೆ. ಮನೆಗೆ ಹೋಗಿ ಗಡಿಯಾರ ಹುಡುಕಬೇಡಿ, ಕಥೆ ಗಡಿಯಾರದ್ದು ಮಾತ್ರ ಅಲ್ಲ. ನಿಮ್ಮ ಮನೆಯಲ್ಲಿ ತಾನಾಗಿಯೇ ನಡೆಯುತ್ತದೆ ಅಂತ ನೀವು ನಂಬಿರುವುದು ಯಾವುದು? ಬೆಳಗ್ಗೆ ದೀಪ ಹಚ್ಚುತ್ತೀರಿ. ಆ ದೀಪ ನಿನ್ನೆಯ ಮಸಿ ಕಳೆದುಕೊಂಡು ಹೊಳೆಯುತ್ತಿದ್ದದ್ದು ಯಾರಿಂದ? ಬತ್ತಿ ಹೊಸೆದವರು ಯಾರು? ಗೊತ್ತಿಲ್ಲದಿದ್ದರೆ ನಾಳೆಯೇ ತಿಳಿದುಕೊಳ್ಳಿ. ತಿಳಿದ ಮೇಲೆ ಬರೀ ಹೊಗಳಬೇಡಿ. ವರ್ಷಕ್ಕೊಂದು ದಿನ ಹಾರ ಹಾಕಿ ಉಳಿದ ದಿನ ಮರೆಯುವುದೂ ಡಬ್ಬಿಯಲ್ಲಿಟ್ಟು ಮುಚ್ಚುವುದೇ. ಅವರು ಮಾಡುವ ಕೆಲಸದಲ್ಲಿ ಒಂದನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ದಿನಾ ಮಾಡಿ. ಬೇಸರವಾದ ದಿನವೂ ಮಾಡಿ.

ಇನ್ನೊಂದು ಮಾತು. ಬೆಲೆಬಾಳುವುದು ಅಂತ ಎತ್ತಿಟ್ಟದ್ದನ್ನು ಹೊರಗೆ ತೆಗೆಯಿರಿ. ನೇತುಹಾಕಿದ ತಂಬೂರಿಗೆ ಶ್ರುತಿ ಕೂಡಿಸಿ. ಮಾತು ಬಿಟ್ಟ ತಂಗಿಯ ಜೊತೆ ಇವತ್ತು ಸಂಜೆ ಎರಡು ಮಾತು ಆಡಿ. ದೇವರ ಹೆಸರೂ ಹಾಗೆಯೇ. ದುಡಿಯುವ ಕೈಯಲ್ಲಿ ಕಟ್ಟಿಕೊಂಡರೆ ನಡೆಯುತ್ತದೆ, ಕಟ್ಟಿಕೊಂಡು ಜೋಪಾನ ಮಾಡಬೇಕು ಅಷ್ಟೇ. ಎಲ್ಲಿ ಬಿಚ್ಚಿಡಬೇಕು, ಎಲ್ಲಿ ಒರೆಸಬೇಕು, ಆ ತಾಯಿಗೆ ಗೊತ್ತಿತ್ತಲ್ಲ, ಹಾಗೆ.

ಆವತ್ತು ಕೊನೆಯ ಪಂಕ್ತಿಯೂ ಎದ್ದ ಮೇಲೆ ಮನೆ ಖಾಲಿಯಾಯಿತು. ಸಾಹುಕಾರ ಅಡುಗೆಮನೆಗೆ ಹೋಗಿ ಬಗ್ಗಿ ನೋಡಿದ. ಅವಳು ಗೋಡೆಗೆ ಒರಗಿ ಕೂತಿದ್ದಳು, ಇನ್ನೂ ಉಂಡಿರಲಿಲ್ಲ. ಅವನು ಯಾರನ್ನೂ ಕರೆಯಲಿಲ್ಲ. ಎಲೆ ಎಲ್ಲಿದೆ ಅಂತ ತಾನೇ ಹುಡುಕಿದ. ಅನ್ನ, ಸಾರು, ಕೋಸಂಬರಿ, ಒಂದು ಹೋಳಿಗೆ. ಯಾವುದನ್ನು ಎಲೆಯ ಯಾವ ಬದಿಗೆ ಬಡಿಸಬೇಕೋ ತಿಳಿಯದೆ ಸಾರು ಹೋಳಿಗೆಯ ಕಡೆ ಹರಿಯಿತು. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದೆ ಇಟ್ಟ.