ಅಮ್ಮ ಕೊಯ್ದಿಟ್ಟ ಬ್ರೆಡ್ಡು

ಭಾನುವಾರ ಬೆಳಿಗ್ಗೆ ನಾರ್ಮಂಡಿಯ ಆ ಪುಟ್ಟ ಊರಿನ ಬೇಕರಿಯ ಸಾಲು ಬೀದಿಗೆ ಬಂದು ನಿಂತಿತ್ತು. ಸಾಲಿಗೆ ಬಂದು ನಿಂತ ನೆರೆಮನೆಯ ಗಿಲೇನಳ ಮುಂದೆಯೇ ಮುದುಕ ಅನ್ಸೆಲ್ಮ್ ಮತ್ತು ಅವನ ಮಗಳು ಸೊಲೆನ್ ಇದ್ದರು. ಅವನ ಹೆಂಡತಿಯನ್ನು ಮಣ್ಣು ಮಾಡಿ ಇನ್ನೂ ವಾರವಾಗಿರಲಿಲ್ಲ. ಗಿಲೇನ್ ಇಬ್ಬರ ಕೈಕುಲುಕಿದಳು.

“ಮನೇಲಿ ಬ್ರೆಡ್ಡಿದೆಯಲ್ಲ, ಮತ್ಯಾಕೆ ತಗೋತೀಯ?” ಮುದುಕ ಮಗಳನ್ನು ಕೇಳಿದ.

“ಅದು ಕಲ್ಲಾಗಿತ್ತಪ್ಪ. ಒಂಬತ್ತು ದಿನದ್ದು.”

“ಆಗಿತ್ತು ಅಂದ್ರೆ? ಎಸೆದ್ಯಾ?”

“ಎಸೀತೀನಾ? ತಿಂಡಿಗೆ ಅಂತ ಹೋಳು ಮಾಡಿ, ಹಾಲು ಮೊಟ್ಟೇಲಿ ನೆನೆಹಾಕಿ ಬಂದಿದೀನಿ. ಹೋಗಿ ಬೆಣ್ಣೇಲಿ ಹುರಿದ್ರೆ ಆಯ್ತು.”

ಮುದುಕನ ದನಿ ಏರಿತು. ಮುಂದಿದ್ದವರು ತಿರುಗಿ ನೋಡಿದರು.

“ಯಾರನ್ನ ಕೇಳಿ ಮುಟ್ಟಿದೆ? ಅದರ ಅಡಿಯಲ್ಲಿ ನಿಮ್ಮಮ್ಮ ಚಾಕೂಲಿ ಗೀರಿದ ಶಿಲುಬೆ ಇತ್ತು. ಯಾವ ಬ್ರೆಡ್ಡನ್ನೂ ಗೀರದೆ ಕೊಯ್ದವಳಲ್ಲ. ಅದೇ ಕಡೇದು.”

“ಗೊತ್ತು. ಬ್ರೆಡ್ಡು ಬೋರಲಾಗಿಟ್ರೆ ಅಪಶಕುನ ಅಂತ ಅಮ್ಮ ಕೂಗಾಡ್ತಿದ್ಲು. ನೀನು ವಾರದಿಂದ ಅದನ್ನ ಬೋರಲು ಹಾಕ್ಕೊಂಡು ಶಿಲುಬೆ ನೋಡ್ತಾ ಕೂತಿದೀಯ. ಅಮ್ಮ ಇದ್ದಿದ್ರೆ ಮೂರನೇ ದಿನಕ್ಕೇ ನೆನೆಹಾಕ್ತಿದ್ಲು.”

ಸಾಲು ಮುಂದೆ ಸರಿಯಿತು, ಸೊಲೆನ್ ಕೈಹಿಡಿದು ಕರೆಯುವವರೆಗೆ ಮುದುಕ ಸರಿಯಲಿಲ್ಲ.

“ಶಿಲುಬೆ ಇದ್ದ ಹೋಳು?”

“ನಿನ್ನ ತಟ್ಟೆಗೇ ಹಾಕ್ತೀನಿ.”

“ನೆನೆಹಾಕಿ ಎಷ್ಟೊತ್ತಾಯ್ತು?”

“ಏಳಕ್ಕೆ ಹಾಕಿದ್ದು.”

ಅನ್ಸೆಲ್ಮ್ ಅಂಗಡಿಯೊಳಗಿನ ಗಡಿಯಾರ ನೋಡಿದ. ಒಂಬತ್ತಾಗುತ್ತಿತ್ತು.

“ಅಯ್ಯೋ ಹುಚ್ಚು ಹುಡುಗಿ, ಎಲ್ಲಾ ಗಂಜಿಯಾಗಿರುತ್ತೆ! ನಿಮ್ಮಮ್ಮ ಇಷ್ಟೊತ್ತು ಬಿಡ್ತಿದ್ಲಾ? ನಡಿ, ನಡಿ.”

“ನಮ್ಮ ಸರದಿ ಬಂತಪ್ಪ. ಬ್ರೆಡ್ಡು?”

“ಮನೇಲಿದೆ,” ಎಂದ ಮುದುಕ ಮಗಳ ತೋಳು ಹಿಡಿದು ಸಾಲು ಬಿಟ್ಟು ನಡೆದ.