ಹಳ್ಳದಾಚೆ ಹರವಿದ ಹುರಳಿ

ಅಲ್ಲವಾ ತಂಗಿ, ಸೈಕಲ್ ಬ್ಯಾಡ ಅಂತ ನಾ ಎಲ್ಲಿ ಅಂದೆ? ಹೊಡಿ, ಮಧ್ಯಾಹ್ನ ಹೊಡಿ, ಊರೆಲ್ಲಾ ಸುತ್ತು. ಆದ್ರ ಈ ಥಂಡ್ಯಾಗ, ನಸುಕಿನ್ಯಾಗ, ಬಿಂಕದಕಟ್ಟಿಯಿಂದ ಗದಗಿನ ತನಾ ಟ್ಯೂಷನ್ನಿಗೆ ಹೋಗ್ತೀನಿ, ದೊಡ್ಡಜ್ಜಾ ನೀ ಒಪ್ಪಿದ್ರ ನಮ್ಮಪ್ಪನೂ ಒಪ್ತಾನ ಅಂತಿಯಲ್ಲಾ, ಅದು ನನ್ನ ಕೈಲೆ ಆಗಂಗಿಲ್ಲ. ಟ್ಯೂಷನ್ ಆರಕ್ಕ, ಬಸ್ಸು ಎಂಟಕ್ಕ, ಗೊತ್ತೈತಿ ನನಗ. ಹಂತ್ಯಾಕ ಬಾ, ಮೆಲ್ಲಕ ಹೇಳ್ತೀನಿ, ನಿಮ್ಮಜ್ಜ ಒಳಗ ಅದಾನ. ನಿಮ್ಮಜ್ಜ ಈರಪ್ಪ, ನನ್ನ ಬೆನ್ನಿಗೆ ಬಿದ್ದ ತಮ್ಮ, ಈಗ ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗಾಕ ಅರ್ಧಾ ತಾಸು ತಗೋತಾನ. ಅಂವ ಒಂದ ಕಾಲಕ್ಕ ಸೈಕಲ್ಲಿನ ಎರಡೂ ಬಾಜೂ ಹಾಲಿನ ಕ್ಯಾನು ಕಟ್ಕೊಂಡು ದಿನಾ ಗದಗ ಮುಟ್ಟತಿದ್ದ. ನೀ ಆಗ ತೊಟ್ಲಾಗಿದ್ದಿ. ಇಲ್ಲ ಇಲ್ಲ, ತೊಟ್ಲಲ್ಲ, ಅಂಬೆಗಾಲು ಇಡ್ತಿದ್ದಿ, ಕ್ಯಾನಿನ ಮುಚ್ಚಳಾ ನೆಲಕ್ಕ ಬಡದು ಮನಿ ಎಬ್ಬಸ್ತಿದ್ದಿ.

ಆ ವರ್ಷ ಥಂಡಿ ಅಂದ್ರ ಥಂಡಿ ನೋಡು, ಹಲ್ಲಿಗೆ ಹಲ್ಲು ಕೂಡವಲ್ದು. ನಾ ಕೌದಿ ಹೊತ್ಕೊಂಡು ಒಲಿ ಮುಂದ ಕುಂತೀನಿ, ಈರಪ್ಪ ಬಾಗ್ಲಾಗ ಬಂದು ನಿಂತ. "ಅಣ್ಣಾ, ಏನ ಮಂಜ ಬಿದ್ದೈತೋ, ಕೈ ಚಾಚಿದ್ರ ಬೆರಳು ಕಾಣವಲ್ದು. ಇವತ್ತೊಂದಿನ ಬಿಡ್ಲೇನು?" ನಾ ಭಾರೀ ಶಾಣ್ಯಾರಂಗ ಲೆಕ್ಕಾ ಹಾಕಿದೆ. "ಒಂದಿನ ನೀ ಹೋಗ್ಲಿಲ್ಲಂದ್ರ ಮಂದಿ ಪಾಕೀಟ್ ಹಾಲು ಹಿಡೀತಾರ, ಮತ್ತ ನಿನ್ನ ಯಾರ ಕೇಳ್ತಾರ? ಥಂಡೀಗೆ ತಲಿಗೆ ಟವೆಲ್ ಸುತ್ತು. ಮಂಜಿಗೆ ಗಂಟಿ ಹೊಡಕೋತ ಹೋಗು. ಲಾರಿ ಭಯ ಇದ್ರ ಎಡಕ್ಕ, ಅಂಚು ಹಿಡದು ಹೋಗು. ಏನೂ ಆಗಂಗಿಲ್ಲ, ಹೋಗು!" ಏನು, ನಿನ್ನ ಸೈಕಲ್ಲಿಗೆ ಲೈಟ್ ಐತಿ ಅಂತಿ? ಅಂವಂದಕ್ಕೂ ಡೈನಮೋ ಇತ್ತವಾ. ಮಂಜಿನ್ಯಾಗ ಲೈಟ್ ಹಚ್ಚಿದ್ರ ಮಂಜ ಕಾಣತೈತಿ, ರಸ್ತೆ ಕಾಣಂಗಿಲ್ಲ. ಅಂವ ಎರಡ ಸಲ ಹಿಂದಕ್ಕ ತಿರುಗಿ ನೋಡಿ ಹೋದ.

ಈಗ ಕಣಾ ಯಾರ ಮಾಡ್ತಾರ ಹೇಳು? ಎಲ್ಲಾರೂ ಡಾಂಬರ ರಸ್ತೆ ಮ್ಯಾಲ ಹುರಳಿ ಬಳ್ಳಿ ಹರವತೀವಿ, ಬಸ್ಸು ಲಾರಿ ಹಾಯ್ದು ತಾವ ಒಕ್ಕಿ ಕೊಡ್ತಾವ. ಸಂಜೀಕ ಬಳದು ತಗೀಬೇಕು, ಅದು ರೀತಿ. ಹಿಂದಿನ ದಿನಾ ನಾನೂ ಹರವಿದ್ದೆ, ಗದಗಿನ ರಸ್ತೆ ಮ್ಯಾಲ, ಹಳ್ಳದಾಚೆ, ಹೊಸಾ ಜಾಗಾದಾಗ. ಈರಪ್ಪಗ ಗೊತ್ತಿರಲಿಲ್ಲ. ಸಂಜೀಕ ನನಗ ಮೂಗು ಸೋರಾಕತ್ತಿತ್ತು, ಮೈ ಬಿಸಿ ಇತ್ತು. ನಾಳೆ ಮತ್ತ ಹರವೂದ ಐತಲ್ಲಾ ಅಂತ ಎಡ ಅಂಚಿಗೆ ಸರಿಸಿ, ಸುತ್ತ ನಾಕ ಕಲ್ಲಿಟ್ಟು ಬಂದಬಿಟ್ಟಿದ್ದೆ. ಇಬ್ಬನಿ ಕುಡದು ಬಳ್ಳಿ ಲೋಳಿ ಆಗಿತ್ತು, ತೆಳಗ ಉದುರಿದ ಕಾಳು. ಈರಪ್ಪ ಹೋದ ಸ್ವಲ್ಪ ಹೊತ್ತಿಗೆ ಒಬ್ಬ ಟೆಂಪೋದಾವ ಬಂದು ಬಾಗ್ಲಾಗ ಒದರಿದ. "ಕಾಕಾ, ನಿಮ್ಮ ಈರಪ್ಪ ಹಳ್ಳದಾಚೆ ಬಿದ್ದಾನ, ಜಲ್ದಿ ಬರ್ರಿ!" ಹಳ್ಳದಾಚೆ ಅಂದಾಗ ನನಗ ಹುರಳಿ ನೆನಪಾತು. ಓಡಿದ್ನವಾ, ಚಪ್ಪಲಿ ಇಲ್ಲದ ಓಡಿದೆ. ಹಾಲು ರಸ್ತೆ ತುಂಬ ಹರದಿತ್ತು. ಅಂವ ಬಳ್ಳ್ಯಾಗ ಗಾಲಿ ಜಾರಿ, ನಾ ಇಟ್ಟ ಕಲ್ಲಿನ ಮ್ಯಾಲ ಬಿದ್ದು ಟೊಂಕದ ಎಲುಬು ಮುರಕೊಂಡಿದ್ದ. "ಅಣ್ಣಾ, ಯಾವ ಹಾಳಾದಾವ ಹರವ್ಯಾನೋ, ಅಂಚು ಹಿಡದ ಬಂದ್ನೋ, ನೀ ಹೇಳಿದಂಗ ಬಂದ್ನೋ" ಅಂತ ನನ್ನ ಕೈ ಹಿಡದ.

ಎಲುಬು ಕೂಡ್ತು, ಖರೆ, ಕಾಲು ಮಾತ್ರ ತಿರುಗಿ ಅಂವಂದ ಆಗಲಿಲ್ಲ. ಎಮ್ಮಿ ಹೋದ್ವು, ಸೈಕಲ್ ಹೋತು. ನಾ ಮರುದಿನಾ ಕದ್ದು ಹೋಗಿ ಹುರಳಿ ಬಳಕೊಂಡು ಬಂದೆ. ಹುರಳಿ ಕಟ್ಟು ಎಲುಬಿಗೆ ಚೊಲೋ ಅಂತ ನಿಮ್ಮಮ್ಮ ಅದ ಹುರಳಿ ಕುದಿಸಿ ಅಂವಗ ಕುಡಿಸಿದಳು, ನಾ ಎದುರಿಗೆ ಕುಂತು ನೋಡಿದೆ. ಇವತ್ತಿಗೂ ಥಂಡಿ ಬಿತ್ತಂದ್ರ ಕಾಲ ಹಿಡಕೊಂಡು, "ಅಣ್ಣಾ, ಆ ಹರವಿದಾವ್ಗ ಒಳ್ಳೇದಾಗಬಾರ್ದು ನೋಡು" ಅಂತಾನ. ನಾ "ಹೌದಪಾ, ಆಗಬಾರ್ದು" ಅಂತೀನಿ. ಹೇಳಬೇಕಂತೀನಿ, ಹೇಳಿ ಏನ ಮಾಡ್ಲಿ? ಹೇಳಿದ್ರ ಕಾಲಂತೂ ಬರಂಗಿಲ್ಲ, ಇದ್ದ ಅಣ್ಣನೂ ಇಲ್ಲದಂಗ ಆಗ್ತಾನ. ನೀ ಅಳಬ್ಯಾಡ, ಅತ್ತು ಏನಾಗೂದೈತಿ. ಇಷ್ಟ ತಿಳಕೋ ತಂಗಿ, ಬೆಚ್ಚಗ ಕುಂತಾವ ಹೊರಗ ಹೊಂಟಾವ್ಗ ಹೋಗು ಅನ್ನಬಾರ್ದು. ಏಳು, ಒಳಗ ನಿಮ್ಮಜ್ಜ ಕರ್ಯಾಕತ್ತಾನ, ಹೋಗಿ ಕೈ ಹಿಡದು ಎಬ್ಬಸು.